ಎರಡು 'ಬೂರ್'ಗಳ ನಡುವೆ: ಡಚ್ ಸ್ವರಗಳು ಕನ್ನಡದ ಕಿವಿಗೆ ಬಿದ್ದಾಗ

ಡಚ್ ಭಾಷೆಯಲ್ಲಿ ರೈತನಿಗೆ ಒಂದು ಪದ, ನೆರೆಮನೆಯವನಿಗೆ ಇನ್ನೊಂದು. ಎರಡನ್ನೂ ಕನ್ನಡದಲ್ಲಿ ಬರೆದರೆ 'ಬೂರ್' ಎಂದೇ ಬರುತ್ತದೆ. ಬಾಡಿಗೆ ಎನ್ನುವ ಪದವನ್ನೂ ವೇಶ್ಯೆ ಎನ್ನುವ ಪದವನ್ನೂ ಬರೆಯಿರಿ, ಎರಡೂ 'ಹೂರ್'. ಗೋಡೆಯೂ 'ಮೂರ್', ಬೋಲ್ಟಿಗೆ ಹಾಕುವ ನಟ್ಟೂ 'ಮೂರ್'. ನಮ್ಮ ಲಿಪಿಗೆ ಈ ವ್ಯತ್ಯಾಸ ತೋರಿಸುವ ದಾರಿ ಇಲ್ಲ. ಆದ್ದರಿಂದ ಈ ಬರಹದುದ್ದಕ್ಕೂ ಪದದ ಜೊತೆಗೆ ಅರ್ಥವನ್ನೂ ಸೇರಿಸಿ 'ಬೂರ್-ರೈತ', 'ಬೂರ್-ನೆರೆ' ಎಂದು ಬರೆಯಲಾಗಿದೆ. ಡಚ್ ಕಲಿಯಲು ಹೊರಟ ಕನ್ನಡಿಗರೊಬ್ಬರ ಪ್ರಕರಣ ಇದು, ಲಿಪಿಯ ಈ ಕೊರತೆಯೇ ಅದರ ಅರ್ಧ ಕಥೆ.

ಹಿನ್ನೆಲೆ

ಇಲ್ಲಿನ ವ್ಯಕ್ತಿಯನ್ನು ಮಾಧವ ಎಂದು ಕರೆಯೋಣ. ಗುರುತು ಹತ್ತದಿರಲೆಂದು ಹೆಸರನ್ನೂ ಸಣ್ಣಪುಟ್ಟ ವಿವರಗಳನ್ನೂ ಬದಲಿಸಲಾಗಿದೆ. ವಯಸ್ಸು ಮೂವತ್ತರ ನಡು, ಮನೆಮಾತು ಕನ್ನಡ, ಓದಿದ್ದು ಇಂಗ್ಲಿಷಿನಲ್ಲಿ, ಹಿಂದಿ ಸರಾಗ. ನೆದರ್ಲೆಂಡ್ಸಿನ ದಕ್ಷಿಣಕ್ಕಿರುವ ಐಂದ್ಹೋವೆನ್ ಕಡೆ ಎಂಜಿನಿಯರ್ ಕೆಲಸ. ಅಲ್ಲಿಗೆ ಹೋಗಿ ಮೂರು ವರ್ಷ. ಕಚೇರಿ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುವುದರಿಂದ ಡಚ್ ಕಲಿಕೆ ಸಂಜೆಯ ತರಗತಿಗೆ ಸೀಮಿತ. ಓದು, ಬರವಣಿಗೆ ಎ2 ಮಟ್ಟವನ್ನು (ಯುರೋಪಿನ ಭಾಷಾ ಮಾಪನದ ಆರು ಮೆಟ್ಟಿಲುಗಳಲ್ಲಿ ಎರಡನೆಯದು) ದಾಟಿದ್ದವು, ವ್ಯಾಕರಣದಲ್ಲಿ ತರಗತಿಗೇ ಮುಂದು. ಕೇಳಿ ಅರ್ಥಮಾಡಿಕೊಳ್ಳುವುದು ಮಾತ್ರ ಒಂದೂವರೆ ವರ್ಷದಿಂದ ನಿಂತಲ್ಲೇ ನಿಂತಿತ್ತು.

ಮನೆಯಲ್ಲಿ ಐದು ವರ್ಷದ ಮಗಳು, ಡಚ್ ಶಾಲೆಗೆ ಹೋಗುವವಳು. ಶನಿವಾರದ ಸಂತೆಯಲ್ಲಿ ಮೀನಿನ ಅಂಗಡಿಯವನು ಏನೋ ಹೇಳಿದ್ದನ್ನು ಕೇಳಿ ಮಾಧವ ಮುಖ ಕಿವುಚಿದರೆ ಅವಳು, "ಅಪ್ಪಾ, ಅವ್ರು ಕೊಳಕು ಅನ್ಲಿಲ್ಲ, ಮೀನು ಅಂದ್ರು!" ಎಂದು ತಿದ್ದುತ್ತಿದ್ದಳು. ಮೀನಿಗೂ ಕೊಳಕಿಗೂ ಡಚ್ಚಿನಲ್ಲಿರುವ ಪದಗಳು ಮಾಧವರ ಕಿವಿಗೆ ಒಂದೇ 'ವಿಸ್'.

ತೊಂದರೆ ಎಲ್ಲಿತ್ತು

ತರಗತಿಯ ಮೇಷ್ಟ್ರು ಮೊದಲು ಕೊಟ್ಟ ವಿವರಣೆ ಸರಳವಾಗಿತ್ತು: ಡಚ್ ಸ್ವರಗಳಲ್ಲಿ ಗಿಡ್ಡವೂ ಉದ್ದವೂ ಇವೆ, ಉದ್ದವನ್ನು ಗಮನಿಸಿ. ಕನ್ನಡಿಗರಿಗೆ ಇದು ಹೇಳಿಸಿಕೊಳ್ಳಬೇಕಾದ ಮಾತೇ ಅಲ್ಲ. ಕುಡಿ–ಕೂಡಿ, ಕೊಡು–ಕೋಡು, ಬಿಡು–ಬೀಡು ಎಂದು ಹುಟ್ಟಿದಾಗಿನಿಂದ ಹ್ರಸ್ವ ದೀರ್ಘಗಳನ್ನು ಅಳೆಯುತ್ತ ಬಂದ ಕಿವಿ ನಮ್ಮದು. 'ಮನ್' ಅಂದರೆ ಗಂಡಸು, 'ಮಾನ್' ಅಂದರೆ ಚಂದ್ರ. 'ಬೊಮ್' ಅಂದರೆ ಬಾಂಬು, 'ಬೋಮ್' ಅಂದರೆ ಮರ. ಇವು ಮಾಧವರಿಗೆ ಮೊದಲ ವಾರದಲ್ಲೇ ಸಲೀಸಾದವು. ಇಷ್ಟು ಬಂದಮೇಲೆ ಉಳಿದದ್ದೂ ಹೀಗೇ ಇರಬೇಕು ಎಂದು ಮೇಷ್ಟ್ರೂ ವಿದ್ಯಾರ್ಥಿಯೂ ನಂಬಿಕೊಂಡರು. ತಪ್ಪು ಶುರುವಾದದ್ದು ಅಲ್ಲಿ.

ಡಚ್ಚಿನ ಸರಳ ಸ್ವರಗಳು ಹದಿಮೂರು, ಅವುಗಳ ಜೊತೆ ನಮ್ಮ ಐ, ಔ ಗಳಂಥ ಮೂರು ಸಂಯುಕ್ತ ಸ್ವರ. ಬರವಣಿಗೆಯಲ್ಲಿ ಒಂದೇ ಅಕ್ಷರದ್ದು ಗಿಡ್ಡ, ಜೋಡಿ ಅಕ್ಷರದ್ದು ಉದ್ದ ಎಂಬಂತೆ ಕಾಣುತ್ತದೆ. ಆದರೆ 'ವಿಸ್-ಕೊಳಕು' ಪದದ ಸ್ವರ ಜೋಡಿ ಅಕ್ಷರದಲ್ಲಿದ್ದರೂ ಉಚ್ಚಾರದಲ್ಲಿ ಗಿಡ್ಡ. 'ವಿಸ್-ಮೀನು' ಎಷ್ಟು ಹೊತ್ತು ಹಿಡಿಯುತ್ತದೋ ಇದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಮ್ಮ ಇ, ಉ ಗಳಿಗೆ ಹತ್ತಿರದ ಎರಡು ಸ್ವರಗಳು, ಮತ್ತು 'ಬೂರ್-ನೆರೆ' ಪದದಲ್ಲಿರುವ, ತುಟಿ ಉರುಟು ಮಾಡಿ ಹೇಳುವ 'ಇ', ಈ ಮೂರೂ ಡಚ್ಚಿನಲ್ಲಿ ಸಾಮಾನ್ಯವಾಗಿ ಗಿಡ್ಡ. ಮುಂದೆ 'ರ್' ಬಂದರೆ ಮಾತ್ರ ಉದ್ದವಾಗುತ್ತವೆ. ಹಾಗಾಗಿ 'ಬುಕ್' ಎಂಬ ಡಚ್ ಪದದಲ್ಲೂ (ಅರ್ಥವೂ ಪುಸ್ತಕವೇ) 'ಬೂರ್-ರೈತ' ಪದದಲ್ಲೂ ಡಚ್ಚರಿಗೆ ಇರುವುದು ಒಂದೇ ಸ್ವರ. ಕನ್ನಡದ ಕಿವಿ ಒಂದನ್ನು ಉ ಎಂದೂ ಇನ್ನೊಂದನ್ನು ಊ ಎಂದೂ ಬೇರೆ ಮಾಡುತ್ತದೆ. ಬೇರೆ ಮಾಡಬೇಕಾದ ಕಡೆ ಒಂದು ಮಾಡಿ, ಒಂದೇ ಇರುವ ಕಡೆ ಎರಡು ಮಾಡುವುದು: ಮಾಧವರ ತೊಂದರೆಯನ್ನು ಒಂದು ಸಾಲಿನಲ್ಲಿ ಹೇಳುವುದಾದರೆ ಇದು.

ಕಾಗುಣಿತದ ಇನ್ನೊಂದು ಉಪದ್ರವವನ್ನೂ ಹೇಳಬೇಕು. ಚಂದ್ರನ ಬಹುವಚನ ಬರೆಯುವಾಗ ರೋಮನ್ ಲಿಪಿಯ ಜೋಡಿ 'ಎ' ಒಂಟಿಯಾಗುತ್ತದೆ, ಉಚ್ಚಾರ ಮಾತ್ರ 'ಮಾನೆನ್' ಎಂದೇ ಉಳಿಯುತ್ತದೆ. ಗಂಡಸಿನ ಬಹುವಚನದಲ್ಲಿ 'ಎನ್' ಜೋಡಿಯಾಗುತ್ತದೆ, ಆದರೆ ಅದು ಹಿಂದಿನ ಸ್ವರ ಯಾವುದೆಂದು ತೋರಿಸುವ ಗುರುತಷ್ಟೇ. ಕನ್ನಡಿಗರು ಜೋಡಿ ಎನ್ ಕಂಡ ಕೂಡಲೇ ಒತ್ತಕ್ಷರ ಎಂದುಕೊಂಡು 'ಮನ್ನೆನ್' ಎಂದು ಒತ್ತಿ ಹೇಳುತ್ತಾರೆ. ಡಚ್ಚಿನಲ್ಲಿ ಆ ಒತ್ತು ಇಲ್ಲ.

ಮೊದಲ ಪ್ರಯತ್ನ, ಮತ್ತು ಅದು ಕೆಟ್ಟದ್ದು

ಕಿವಿಯ ಪರೀಕ್ಷೆ ಮೊದಲು ಮಾಡಿಸಲಾಯಿತು. ಶ್ರವಣಶಕ್ತಿ ಪೂರ್ತಿ ಸರಿ ಇತ್ತು. ಆಮೇಲೆ ಮೂರು ವಾರ ಹಳೆಯ ಪದ್ಧತಿ: ತರಗತಿಯ ಮೇಷ್ಟ್ರು ಒಬ್ಬರೇ ಓದಿ ಮುದ್ರಿಸಿದ ಪದಜೋಡಿಗಳನ್ನು ದಿನವೂ ಕೇಳಿ, ಹಿಂದೆಯೇ ಹೇಳುವುದು. ಮೂರನೇ ವಾರದ ಕೊನೆಗೆ 'ವಿಸ್' ಜೋಡಿಯಲ್ಲಿ 40ಕ್ಕೆ 35 ಸರಿ. ಎಲ್ಲರಿಗೂ ಸಮಾಧಾನ. ಸಂತೆಗೆ ಹೋದರೆ ಮಾತ್ರ ಮೊದಲಿನದೇ ಪಾಡು.

ಮುದ್ರಣವನ್ನು ಪ್ರಾಟ್ ತಂತ್ರಾಂಶದಲ್ಲಿ ತೆರೆದು ನೋಡಿದಾಗ ಗುಟ್ಟು ಬಯಲಾಯಿತು. ಪ್ರಾಟ್ ಎಂದರೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮ ಮತ್ತು ದಾವಿತ್ ವೇನಿಂಕ್ ರೂಪಿಸಿದ ಧ್ವನಿ ವಿಶ್ಲೇಷಣೆಯ ಉಚಿತ ತಂತ್ರಾಂಶ. ಮೇಷ್ಟ್ರು ಪಾಠ ಹೇಳುವ ಹುಮ್ಮಸ್ಸಿನಲ್ಲಿ 'ವಿಸ್-ಕೊಳಕು' ಪದವನ್ನು ಪ್ರತಿ ಸಲವೂ ತುಸು ಎಳೆದು, ತುಸು ಜೋರಾಗಿ ಹೇಳಿದ್ದರು. ಮಾಧವ ಸ್ವರವನ್ನು ಗುರುತಿಸುತ್ತಿರಲಿಲ್ಲ, ಮೇಷ್ಟ್ರ ಎಳೆತವನ್ನು ಗುರುತಿಸುತ್ತಿದ್ದರು. ಎಲ್ಲ ತುಣುಕುಗಳ ಜೋರನ್ನು 70 ಡೆಸಿಬೆಲ್‌ಗೆ ಸಮಮಾಡಿ, ಸ್ವರದ ಉದ್ದವನ್ನು 100 ಮಿಲಿಸೆಕೆಂಡಿಗೆ ತಂದು ಅದೇ ಪರೀಕ್ಷೆ ಕೊಟ್ಟರೆ 40ಕ್ಕೆ 23. ನಾಣ್ಯ ಚಿಮ್ಮಿ ಹೇಳಿದರೂ 20 ಬರುತ್ತದೆ.

ಪ್ರಕರಣದ ಮೊದಲ ತಿರುವು ಇದೇ. ಮೂರು ವಾರದ ದುಡಿಮೆಯಲ್ಲಿ ಬಲಗೊಂಡದ್ದು ಬೇಡವಾದ ಅಭ್ಯಾಸ. ಇಂಥ ಪಾಠಗಳನ್ನು ಮುದ್ರಿಸುವವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು.

ಮೆದುಳಿನಲ್ಲಿ ಏನಾಗುತ್ತಿತ್ತು

ಸ್ವರ ಎಂದರೆ ಗಂಟಲಿನ ನಾದಕ್ಕೆ ಬಾಯಿ ಕೊಡುವ ಬಣ್ಣ. ನಾಲಿಗೆ, ತುಟಿ, ದವಡೆ ಇರುವ ರೀತಿಗೆ ತಕ್ಕಂತೆ ಕೆಲವು ಆವರ್ತನಗಳು ಮೇಲೇಳುತ್ತವೆ. ಆ ದಿಬ್ಬಗಳಿಗೆ ಫಾರ್ಮೆಂಟ್ ಎಂದು ಹೆಸರು. ಬಾಯಿ ತೆರೆದಷ್ಟೂ ಮೊದಲನೆಯದು ಮೇಲೇರುತ್ತದೆ, ನಾಲಿಗೆ ಮುಂದೆ ಬಂದಷ್ಟೂ ಎರಡನೆಯದು ಮೇಲೇರುತ್ತದೆ. ಡಚ್ ಸ್ವರಗಳಿಗೆ ಇವುಗಳ ಅಳತೆಯನ್ನು ಲೂಯಿ ಪೋಲ್ಸ್ ಮತ್ತು ಸಂಗಡಿಗರು 50 ಗಂಡಸರ ಧ್ವನಿಯಿಂದ ತೆಗೆದು 1973ರಲ್ಲಿ ಪ್ರಕಟಿಸಿದರು. ಅದರ ಸರಾಸರಿಗಳನ್ನು ದುಂಡುಮಾಡಿ ಹೇಳಿದರೆ, 'ವಿಸ್-ಕೊಳಕು' ಸ್ವರಕ್ಕೆ ಮೊದಲ ಫಾರ್ಮೆಂಟ್ 290 ಹರ್ಟ್ಸ್, ಎರಡನೆಯದು 2200. 'ವಿಸ್-ಮೀನು' ಸ್ವರಕ್ಕೆ 390 ಮತ್ತು 2000. ಅಂತರ ಸಣ್ಣದು. 'ಬೂರ್-ರೈತ' ಸ್ವರಕ್ಕೆ 340 ಮತ್ತು 810, 'ಬೂರ್-ನೆರೆ' ಸ್ವರಕ್ಕೆ 305 ಮತ್ತು 1730. ಇಲ್ಲಿ ಎರಡನೇ ಫಾರ್ಮೆಂಟಿನಲ್ಲಿ 900 ಹರ್ಟ್ಸ್‌ನಷ್ಟು ಕಂದಕ.

ಒಳಕಿವಿಯ ಕಾಕ್ಲಿಯಾ ಆವರ್ತನಗಳನ್ನು ಜಾಗಕ್ಕೆ ಜಾಗ ಬೇರೆ ಮಾಡುತ್ತದೆ. ಬುಡದಲ್ಲಿ ಎತ್ತರದ ನಾದ, ತುದಿಯಲ್ಲಿ ತಗ್ಗಿನದು. ಇದೇ ಜೋಡಣೆ ನರಗಳ ಮೂಲಕ ಮೆದುಳಿನ ಶ್ರವಣ ತೊಗಟೆಯವರೆಗೂ (ಸದ್ದನ್ನು ಗ್ರಹಿಸುವ ಹೊರಪದರ) ಸಾಗುತ್ತದೆ. ಅಂದಮೇಲೆ 900 ಹರ್ಟ್ಸ್ ಅಂತರ ಕಿವಿಗೆ ಸಿಗದೇ ಹೋಗುವುದು ಸಾಧ್ಯವಿಲ್ಲ. ಹಾಗಿದ್ದರೆ ಎರಡು ಬೂರ್‌ಗಳು ಕಲಸಿಹೋಗುವುದು ಎಲ್ಲಿ?

ಇದನ್ನು ನೋಡಲು ಮಾಧವರಿಗೆ ಇನ್ನೊಂದು ಬಗೆಯ ಪರೀಕ್ಷೆ ಕೊಡಲಾಯಿತು. ಎರಡು ಪದ ಕೇಳಿಸಿ, ಒಂದೇ ಸ್ವರವೋ ಬೇರೆಯೋ ಎಂದಷ್ಟೇ ಕೇಳುವುದು. ಪದಗಳ ನಡುವೆ 250 ಮಿಲಿಸೆಕೆಂಡ್ ಬಿಡುವಿದ್ದಾಗ 40ಕ್ಕೆ 38 ಸರಿ. ಬಿಡುವನ್ನು 1500 ಮಿಲಿಸೆಕೆಂಡಿಗೆ ಹಿಗ್ಗಿಸಿ, ಎರಡನೇ ಪದವನ್ನು ಬೇರೆ ಧ್ವನಿಯಲ್ಲಿ ಕೇಳಿಸಿದಾಗ 27. ಒಂದೇ ಪದ ಕೇಳಿಸಿ ರೈತನೋ ನೆರೆಯವನೋ ಎಂದು ಕೇಳಿದರೆ 24.

ಉತ್ತರ ಈ ಮೂರು ಅಂಕಿಗಳಲ್ಲಿದೆ. ಧ್ವನಿಯ ಹಸಿ ನೆನಪು ಒಂದು ಸೆಕೆಂಡಿನೊಳಗೇ ಮಾಸತೊಡಗುತ್ತದೆ. ಅದು ಇರುವಷ್ಟು ಹೊತ್ತು ಮೆದುಳು ಹಸಿ ಧ್ವನಿಯನ್ನೇ ಹೋಲಿಸಬಲ್ಲದು. ಮಾಸಿದ ಮೇಲೆ ಉಳಿಯುವುದು ಯಾವ ಖಾನೆಗೆ ಹಾಕಿದೆವು ಎಂಬ ಚೀಟಿ ಮಾತ್ರ. ಮಾಧವರ ಮೆದುಳು ಎರಡಕ್ಕೂ 'ಊ' ಎಂದೇ ಚೀಟಿ ಅಂಟಿಸಿ ಇಡುತ್ತಿತ್ತು. ಜಾನೆಟ್ ವರ್ಕರ್ ಮತ್ತು ಲೋಗನ್ 1985ರಲ್ಲಿ ಇದೇ ಬಗೆಯ ಬಿಡುವುಗಳನ್ನಿಟ್ಟು ಇಂಗ್ಲಿಷ್ ಮಾತಾಡುವವರಿಗೆ ಹಿಂದಿಯ ಟ–ತ ವ್ಯತ್ಯಾಸ ಕೇಳಿಸಿದ್ದರು. ಬಿಡುವು ಕಿರಿದಾಗಿದ್ದಾಗ ಅವರಿಗೂ ವ್ಯತ್ಯಾಸ ದಕ್ಕುತ್ತಿತ್ತು, ಹಿಗ್ಗಿದಾಗ ಜಾರಿಹೋಗುತ್ತಿತ್ತು. 'ತಟ್ಟೆ' ಎನ್ನಲು ಬಾರದ ವಿದೇಶಿಯರನ್ನು ಕಂಡು ನಗುವ ನಮಗೆ 'ಬೂರ್' ಮುಯ್ಯಿ ತೀರಿಸಿಕೊಳ್ಳುತ್ತದೆ ಎನ್ನಬಹುದು.

ಈ ಖಾನೆಗಳು ಬೇಗ ಕಟ್ಟಿಕೊಳ್ಳುತ್ತವೆ. ಆರು ತಿಂಗಳ ಕೂಸುಗಳಲ್ಲೇ ಸ್ವರಗಳ ಗ್ರಹಿಕೆ ಮನೆಯ ಭಾಷೆಗೆ ತಕ್ಕಂತೆ ಬಾಗಿರುವುದನ್ನು ಪೆಟ್ರಿಷಿಯಾ ಕೂಲ್ ತಂಡ ಸ್ವೀಡನ್ ಮತ್ತು ಅಮೆರಿಕದ ಕೂಸುಗಳಲ್ಲಿ ತೋರಿಸಿದ್ದು 1992ರಲ್ಲಿ. ಡಚ್ ಮಕ್ಕಳದ್ದೇ ಒಂದು ಉದಾಹರಣೆ ಇದೆ. 'ತಮ್' ಮತ್ತು 'ತಾಮ್' ಎಂದು ಸ್ವರದ ಉದ್ದ ಮಾತ್ರ ಬದಲಿಸಿ ಹೇಳಿದರೆ ಹದಿನೆಂಟು ತಿಂಗಳ ಡಚ್ ಮಕ್ಕಳು ಅದನ್ನು ಬೇರೆ ಪದವೆಂದು ಎಣಿಸಿದವು, ಅದೇ ವಯಸ್ಸಿನ ಇಂಗ್ಲಿಷ್ ಮಕ್ಕಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2007ರ ಅಧ್ಯಯನ ಅದು. ಮಾಧವರ ಮಗಳಿಗೆ ಸಂತೆಯಲ್ಲಿ ಗೊಂದಲವಾಗದೇ ಇರುವುದರಲ್ಲಿ ಪವಾಡವೇನೂ ಇಲ್ಲ.

ಮೆದುಳಿನ ವಿದ್ಯುತ್ ಅಲೆಯಲ್ಲೂ ಇದರ ಗುರುತು ಸಿಗುತ್ತದೆ. ತಲೆಗೆ ಇಇಜಿ ಟೋಪಿ (ಮೆದುಳಿನ ವಿದ್ಯುತ್ ಅಲೆ ಅಳೆಯುವ ಸಾಧನ) ಹಾಕಿ, ಸದ್ದಿಲ್ಲದ ಸಿನಿಮಾ ನೋಡಲು ಕೂರಿಸಿ, ಕಿವಿಯಲ್ಲಿ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ನೂರರಲ್ಲಿ ಹತ್ತು ಹದಿನೈದು ಸಲ ಮಾತ್ರ ಬೇರೆ ಸ್ವರ. ಕೇಳುಗ ಗಮನಿಸದೇ ಇದ್ದರೂ ಬದಲಾದ ಸ್ವರಕ್ಕೆ 150ರಿಂದ 250 ಮಿಲಿಸೆಕೆಂಡಿನೊಳಗೆ ನೆತ್ತಿಯ ಮುಂಭಾಗದಲ್ಲಿ ಋಣಾತ್ಮಕ ಅಲೆಯೊಂದು ಏಳುತ್ತದೆ. ಫಿನ್‌ಲೆಂಡಿನ ರಿಸ್ಟೊ ನ್ಯಾಟನೆನ್ ಮತ್ತು ಸಂಗಡಿಗರು 1978ರಲ್ಲಿ ವಿವರಿಸಿದ ಈ ಅಲೆಗೆ ಮಿಸ್‌ಮ್ಯಾಚ್ ನೆಗೆಟಿವಿಟಿ ಎನ್ನುತ್ತಾರೆ. 1997ರಲ್ಲಿ ಅದೇ ತಂಡ ಎಸ್ಟೋನಿಯನ್ ಭಾಷೆಯಲ್ಲಿದ್ದು ಫಿನ್ನಿಶ್‌ನಲ್ಲಿ ಇಲ್ಲದ ಒಂದು ಸ್ವರವನ್ನು ಇಬ್ಬರಿಗೂ ಕೇಳಿಸಿತು. ಎಸ್ಟೋನಿಯದವರಲ್ಲಿ ಅಲೆ ದೊಡ್ಡದು, ಫಿನ್ನರಲ್ಲಿ ಸಣ್ಣದು. ಫಿನ್ನರಲ್ಲಿ ಸಣ್ಣದಾಯಿತೇ ಹೊರತು ಇಲ್ಲವಾಗಲಿಲ್ಲ. ಧ್ವನಿಯ ಅಂತರಕ್ಕೆ ಒಂದು ಪಾಲು, ಭಾಷೆಯ ಖಾನೆಗೆ ಇನ್ನೊಂದು ಪಾಲು ಎಂದು ಓದಿಕೊಳ್ಳಬೇಕು. 'ಪರಭಾಷೆಯ ಸ್ವರ ಮೆದುಳಿಗೆ ಕೇಳುವುದೇ ಇಲ್ಲ' ಎಂದು ಬರೆಯುವವರು ಈ ಮೊದಲ ಪಾಲನ್ನು ಮರೆಯುತ್ತಾರೆ.

"ನಂಗೂ ಇಇಜಿ ಮಾಡಿಸಿದ್ರೆ ಗೊತ್ತಾಗುತ್ತಲ್ವಾ?" ಎಂದು ಮಾಧವ ಕೇಳಿದ್ದರು. ಬೇಡವೆಂದು ತೀರ್ಮಾನಿಸಲಾಯಿತು. ಈ ಅಲೆಯ ಎತ್ತರ ಕೆಲವೇ ಮೈಕ್ರೋವೋಲ್ಟ್, ಹಿನ್ನೆಲೆಯ ಅಲೆಗಳು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ನೂರಾರು ಸಲ ಕೇಳಿಸಿ ಸರಾಸರಿ ತೆಗೆದರೂ ಒಬ್ಬನೇ ವ್ಯಕ್ತಿಯ ಬಗ್ಗೆ ಗಟ್ಟಿಯಾಗಿ ಹೇಳುವುದು ಕಷ್ಟ. ಅಧ್ಯಯನಗಳು ಮಾತಾಡುವುದು ಗುಂಪಿನ ಸರಾಸರಿಯ ಬಗ್ಗೆ. ತರಬೇತಿಯನ್ನು ಹೇಗೆ ತಿದ್ದಬೇಕು ಎಂಬುದನ್ನು ಹೆಡ್‌ಫೋನ್ ಮತ್ತು ನಲವತ್ತು ಪ್ರಶ್ನೆಗಳೇ ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆ.

ಕತ್ತರಿಸಿ ಹಿಗ್ಗಿಸಿದ ಪದಗಳು

ಮಾಧವ ಚೆನ್ನಾಗಿ ಗುರುತಿಸುತ್ತಿದ್ದ ಮನ್–ಮಾನ್ ಜೋಡಿಯನ್ನೂ ಬಿಡದೆ ಪರೀಕ್ಷಿಸಲಾಯಿತು. ಅದು ಒಳ್ಳೆಯ ನಿರ್ಧಾರವಾಯಿತು. ಡಚ್ಚಿನ 'ಮನ್' ಪದದ ಸ್ವರ ಗಂಟಲ ಕಡೆಯಿಂದ ಬರುವ ದಪ್ಪ ಅ (ಸುಮಾರು 680 ಮತ್ತು 1050 ಹರ್ಟ್ಸ್), 'ಮಾನ್' ಪದದ್ದು ಬಾಯಿ ಅಗಲಿಸಿ ಮುಂದಕ್ಕೆ ಹೇಳುವ ಆ (800 ಮತ್ತು 1300). ಉದ್ದದ ಜೊತೆಗೆ ಬಣ್ಣವೂ ಬೇರೆ. ಕೇಳುಗ ಯಾವುದನ್ನು ನಂಬುತ್ತಾನೆ ಎಂದು ತಿಳಿಯಬೇಕಾದರೆ ಎರಡನ್ನೂ ಅಡ್ಡಡ್ಡ ಬೆರೆಸಬೇಕು.

ಮಾಡುವ ಕ್ರಮ ಹೀಗೆ. ಪದವನ್ನು 44,100 ಹರ್ಟ್ಸ್, ಮೋನೋದಲ್ಲಿ, ಮೈಕನ್ನು ಬಾಯಿಯಿಂದ ಗೇಣುದ್ದ ದೂರವಿಟ್ಟು ಸದ್ದಿಲ್ಲದ ಕೋಣೆಯಲ್ಲಿ ಮುದ್ರಿಸಬೇಕು. ಪ್ರಾಟ್‌ನಲ್ಲಿ ಮ್ಯಾನಿಪ್ಯುಲೇಶನ್ ಕಿಟಕಿ ತೆರೆದು ಡ್ಯುರೇಶನ್ (ಉದ್ದದ) ಪಟ್ಟಿಯ ಮೇಲೆ ಸ್ವರದ ಎರಡೂ ಗಡಿಗಳ ಹೊರಗೆ 1 ಬೆಲೆಯ ಬಿಂದು, ಒಳಗೆ ಬೇಕಾದ ಬೆಲೆಯ ಬಿಂದು ಇಡಬೇಕು. ಹೊರಗಿನ ಬಿಂದು ಮರೆತರೆ ವ್ಯಂಜನವೂ ಎಳೆದುಕೊಂಡು 'ಮ್ಮ್‌ಮನ್' ಆಗುತ್ತದೆ. ಮೂಲದ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ಯಂತ್ರದ ಸದ್ದು ಬರುತ್ತದೆ. ಫಾರ್ಮೆಂಟ್ ಅಳೆಯುವಾಗ ಗಂಡಸಿನ ಧ್ವನಿಗೆ ಮೇಲ್ಮಿತಿ 5000 ಹರ್ಟ್ಸ್, ಹೆಂಗಸಿನ ಧ್ವನಿಗೆ 5500. 'ಬೂರ್-ರೈತ' ಸ್ವರದಲ್ಲಿ ಮೊದಲೆರಡು ಫಾರ್ಮೆಂಟ್‌ಗಳು ಒತ್ತೊತ್ತಾಗಿ ಇರುವುದರಿಂದ ತಂತ್ರಾಂಶ ಎರಡನ್ನೂ ಒಂದೆಂದು ಎಣಿಸಿ ಮೂರನೆಯದನ್ನು ಎರಡನೆಯದೆಂದು ತೋರಿಸುವುದುಂಟು. 2000ಕ್ಕಿಂತ ಮೇಲಿನ ಅಂಕಿ ಬಂದರೆ ನಂಬಬಾರದು. ಸ್ಪೆಕ್ಟ್ರೋಗ್ರಾಮ್ (ಕ್ಷಣಕ್ಷಣದ ಆವರ್ತನಗಳನ್ನು ತೋರಿಸುವ ಚಿತ್ರ) ಅನ್ನು ಕಣ್ಣಾರೆ ನೋಡಬೇಕು.

ಹೀಗೆ ದಪ್ಪ ಅ ಸ್ವರವನ್ನು ಉದ್ದ ಮಾಡಿ, ಅಗಲ ಆ ಸ್ವರವನ್ನು ಗಿಡ್ಡ ಮಾಡಿ ಕೇಳಿಸಿದಾಗ ಮಾಧವ ಉದ್ದವಾದದ್ದನ್ನೆಲ್ಲ ಚಂದ್ರ ಎಂದರು, ಗಿಡ್ಡವನ್ನೆಲ್ಲ ಗಂಡಸು ಎಂದರು. ಡಚ್ಚರು ಹೀಗಲ್ಲ, ಅವರು ಮೊದಲು ನಂಬುವುದು ಬಣ್ಣವನ್ನು. ಪಾವೊಲಾ ಎಸ್ಕುದೆರೊ ಮತ್ತು ಸಂಗಡಿಗರು 2009ರಲ್ಲಿ ಇದೇ ಸ್ವರಜೋಡಿಯ ಮೇಲೆ ತೋರಿಸಿದ್ದು ಅದನ್ನೇ: ಡಚ್ ಕೇಳುಗರು ಬಣ್ಣಕ್ಕೆ ಹೆಚ್ಚು ತೂಕ ಕೊಡುತ್ತಾರೆ, ಡಚ್ ಕಲಿತ ಸ್ಪ್ಯಾನಿಶ್ ಮಾತಿನವರು ಉದ್ದಕ್ಕೆ. ಸ್ಪ್ಯಾನಿಶ್‌ನಲ್ಲಿ ಹ್ರಸ್ವ ದೀರ್ಘ ಭೇದವೇ ಇಲ್ಲ, ಆದರೂ ಅವರು ಉದ್ದಕ್ಕೇ ಜೋತುಬಿದ್ದರು. ಕನ್ನಡಿಗರು ಜೋತುಬೀಳುವುದಕ್ಕೆ ಮನೆಯಲ್ಲೇ ಕಾರಣವಿದೆ.

ಪ್ರಕರಣದ ಎರಡನೇ ತಿರುವು ಇದು. ಮಾಧವರಿಗೆ ಚೆನ್ನಾಗಿ ಬರುತ್ತದೆ ಎಂದುಕೊಂಡ ಜೋಡಿ ಚೆನ್ನಾಗಿ ಬರುತ್ತಿದ್ದುದು ಅದೃಷ್ಟವಶಾತ್. ಅಲ್ಲಿ ಉದ್ದವೂ ಬಣ್ಣವೂ ಒಟ್ಟಿಗೆ ಓಡುತ್ತವೆ. ಉದ್ದ ಕೈಕೊಟ್ಟ ಜೋಡಿಗಳಲ್ಲಿ ಹಿಡಿಯಲು ಅವರಿಗೆ ಬೇರೇನೂ ಉಳಿಯುತ್ತಿರಲಿಲ್ಲ.

ಆರು ವಾರದ ತರಬೇತಿ

ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಒಂದು ಸಲ ಕೂತರೆ 160 ಪದ. ನಾಲ್ಕು ಧ್ವನಿಗಳು: ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಪರೀಕ್ಷೆಗೆಂದು ಇನ್ನೂ ಎರಡು ಧ್ವನಿಗಳನ್ನು ಎತ್ತಿಟ್ಟು, ತರಬೇತಿಯಲ್ಲಿ ಒಮ್ಮೆಯೂ ಕೇಳಿಸಲಿಲ್ಲ. ಜಪಾನಿಯರಿಗೆ ಇಂಗ್ಲಿಷಿನ ರ–ಲ ಕಲಿಸಲು 1990ರ ಆಸುಪಾಸು ಬಳಕೆಗೆ ಬಂದ ಬಹುಧ್ವನಿ ತರಬೇತಿಯ ರೀತಿಯೇ ಇದು. ಒಂದೇ ಧ್ವನಿ ಕೇಳಿದರೆ ಮೆದುಳು ಆ ವ್ಯಕ್ತಿಯನ್ನು ಕಲಿಯುತ್ತದೆ. ಹಲವು ಧ್ವನಿ ಕೇಳಿದರೆ ಅವುಗಳಲ್ಲಿ ಬದಲಾಗದೆ ಉಳಿಯುವುದನ್ನು ಹುಡುಕಬೇಕಾಗುತ್ತದೆ. ಆದರೆ ಮೊದಲ ಎರಡು ದಿನ ನಾಲ್ಕೂ ಧ್ವನಿಗಳನ್ನು ಕಲಸಿ ಕೊಟ್ಟಾಗ ಮಾಧವ ಕಂಗಾಲಾದರು. ಮೊದಲ ವಾರ ದಿನಕ್ಕೊಂದು ಧ್ವನಿ, ಎರಡನೇ ವಾರದಿಂದ ಕಲಸುವುದು ಎಂದು ಬದಲಿಸಬೇಕಾಯಿತು.

ಕೆಲಸ 'ಒಂದೆಯೋ ಬೇರೆಯೋ' ಹೇಳುವುದಲ್ಲ. ಅದು ಹಸಿ ನೆನಪಿನ ಆಟ, ಮಾಧವರಿಗೆ ಆಗಲೇ ಬರುತ್ತಿತ್ತು. ಒಂದು ಪದ ಕೇಳಿ ಎರಡು ಚಿತ್ರಗಳಲ್ಲಿ ಒಂದನ್ನು ಒತ್ತಬೇಕು. ತಪ್ಪಿದರೆ ಆ ಕ್ಷಣವೇ ಕೆಂಪು ಗುರುತು, ಆಮೇಲೆ ಎರಡೂ ಪದಗಳನ್ನು ಒಂದರ ಹಿಂದೆ ಒಂದು ಕೇಳಿಸುವುದು. ಉತ್ತರ ತಡಮಾಡಿ ಬಂದರೆ ತಿದ್ದುವಿಕೆ ಅಂಟುವುದಿಲ್ಲ.

ಅಕ್ಷರ ಬಿಟ್ಟು ಚಿತ್ರ ಯಾಕೆ? ಮಾಧವರ ನೋಟ್‌ಬುಕ್ಕೇ ಕಾರಣ. ಮೂರು ವರ್ಷ ಕಲಿತ ಡಚ್ ಪದಗಳನ್ನೆಲ್ಲ ಅವರು ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದು ಉರು ಹೊಡೆದಿದ್ದರು. ಬೂರ್, ಬೂರ್. ಹೂರ್, ಹೂರ್. ಪ್ರತಿ ಸಲ ಓದಿದಾಗಲೂ ಎರಡು ಖಾನೆಗಳ ನಡುವಿನ ಗೋಡೆಯನ್ನು ತಾವೇ ಕೆಡವುತ್ತಿದ್ದರು. ಪುಸ್ತಕವನ್ನು ಮುಚ್ಚಿಡಿ ಎಂದಾಗ ಅವರು ಒಪ್ಪಲಿಲ್ಲ, ಅಷ್ಟು ವರ್ಷದ ಶ್ರಮ ಅದು. ಕೊನೆಗೆ ಒಪ್ಪಂದವಾಯಿತು: ಪುಸ್ತಕ ಇರಲಿ, ಆದರೆ 'ನೆರೆ' ಬಗೆಯ ಸ್ವರವಿರುವ ಅಕ್ಷರಗಳನ್ನೆಲ್ಲ ಹಸಿರು ಶಾಯಿಯಲ್ಲಿ, 'ರೈತ' ಬಗೆಯದನ್ನು ಕೆಂಪಿನಲ್ಲಿ ಮತ್ತೆ ಬರೆಯಬೇಕು. ಡಚ್ ಕಾಗುಣಿತ ನೋಡಿದರೆ ಬಣ್ಣ ತಿಳಿಯುತ್ತದೆ. ರೋಮನ್ ಲಿಪಿಯ ಯು ಅಕ್ಷರ ಎರಡು ಸಲ ಬಂದರೆ ಹಸಿರು, ಓ ಮತ್ತು ಇ ಅಕ್ಷರಗಳು ಜೊತೆಯಾಗಿ ಬಂದರೆ ಕೆಂಪು. ಬೇಸರದ ಕೆಲಸವೆಂದು ಶುರುವಾದದ್ದು ತರಬೇತಿಗಿಂತಲೂ ಹೆಚ್ಚು ಉಪಕಾರ ಮಾಡಿತೇನೋ ಎಂಬ ಅನುಮಾನ ಉಳಿದಿದೆ.

'ಬೂರ್-ನೆರೆ' ಸ್ವರದ ಉಚ್ಚಾರಕ್ಕೆ ಕನ್ನಡಿ ಹಿಡಿದು ಕೂರಬೇಕು. 'ಈ' ಎಂದು ಎಳೆಯುತ್ತ, ನಾಲಿಗೆ ಅಲುಗಿಸದೆ, ತುಟಿಯನ್ನು ಮಾತ್ರ 'ಊ' ಹೇಳುವಂತೆ ಉರುಟು ಮಾಡಬೇಕು. ಆಗುವ ತಪ್ಪು ಎರಡು. ತುಟಿ ಮುಂದೆ ಬಂದ ಕೂಡಲೇ ನಾಲಿಗೆ ಅಭ್ಯಾಸಬಲದಿಂದ ಹಿಂದೆ ಜಾರಿ ಬರೀ 'ಊ' ಆಗುತ್ತದೆ. ಇಲ್ಲವೇ ಎರಡೂ ಒಂದರ ಹಿಂದೆ ಒಂದು ನಡೆದು 'ಯೂ' ಆಗುತ್ತದೆ. ಮೊದಲನೆಯದಕ್ಕೆ ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಟ್ಟುಕೊಳ್ಳುವುದು ಮದ್ದು. ಎರಡನೆಯದಕ್ಕೆ ಪದವನ್ನು ಹೇಳುವ ಮುನ್ನವೇ ತುಟಿ ಉರುಟು ಮಾಡಿಕೊಂಡಿರುವುದು. ಮಾಧವರ ಎರಡನೇ ಫಾರ್ಮೆಂಟ್ ಮೊದಲ ದಿನ 1100ರ ಸುತ್ತ ಇತ್ತು, ನಾಲ್ಕನೇ ವಾರಕ್ಕೆ 1600 ದಾಟಿತು.

'ವಿಸ್' ಜೋಡಿ ಮೂರನೇ ವಾರದವರೆಗೂ ಕದಲಲಿಲ್ಲ. ಉದ್ದ ಎಣಿಸಬೇಡಿ ಎಂದರೆ ಸಾಲದು, ಏನನ್ನು ಕೇಳಬೇಕೆಂದೂ ಹೇಳಬೇಕು. ದಾರಿ ಸಿಕ್ಕಿದ್ದು ಪೋಲ್ಸ್ ಅಳತೆಯಲ್ಲೇ. ಡಚ್ಚಿನ ಉದ್ದ 'ಏ' ಸ್ವರಕ್ಕೆ 407 ಮತ್ತು 2017 ಹರ್ಟ್ಸ್, 'ವಿಸ್-ಮೀನು' ಸ್ವರಕ್ಕೆ 388 ಮತ್ತು 2003. ಎರಡೂ ಹೆಚ್ಚುಕಡಿಮೆ ಒಂದೇ ಜಾಗ. ಆದ್ದರಿಂದ ಮಾಧವರಿಗೆ ಹೇಳಿದ್ದು ಇಷ್ಟು: "ಮೀನಿನ ಪದದಲ್ಲಿ ಇರೋದು 'ಇ' ಅಲ್ಲ, ಅರ್ಧಕ್ಕೆ ಕತ್ತರಿಸಿದ 'ಏ' ಅಂದ್ಕೊಳ್ಳಿ. ಕೊಳಕಿನ ಪದದಲ್ಲಿ ಇರೋದು ನಮ್ಮ 'ಇ', ಚೂಪಾಗಿ." ಒಂದೇ ವಾರದಲ್ಲಿ ಅಂಕ 24ರಿಂದ 31ಕ್ಕೆ ಏರಿತು. ಹೊಸ ಖಾನೆ ಕಟ್ಟುವುದಕ್ಕಿಂತ ಇದ್ದ ಖಾನೆಯ ಚೀಟಿ ಬದಲಿಸುವುದು ಸುಲಭ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಈ ಪ್ರಕರಣದಲ್ಲಿ ಸಿಗಲಿಲ್ಲ.

ಅದಕ್ಕೊಂದು ಬೆಲೆಯೂ ತೆರಬೇಕಾಯಿತು. 'ಏ' ಹುಡುಕಲು ಹೊರಟ ಕಿವಿ, ಬಿಳಿ ಎಂಬ 'ವಿಟ್' ಪದವನ್ನೂ ಕಾನೂನು ಎಂಬ 'ವೆಟ್' ಪದವನ್ನೂ ಕಲಸತೊಡಗಿತು. ಮೊದಲು ಆ ತೊಂದರೆಯೇ ಇರಲಿಲ್ಲ. ಎರಡು ಚಿತ್ರದ ಬದಲು ಮೂರು ಚಿತ್ರ ಕೊಟ್ಟು, 'ಎ' ಸ್ವರದ ಪದಗಳನ್ನೂ ಸೇರಿಸಿದ ಮೇಲೆ ಹತ್ತು ದಿನದಲ್ಲಿ ತಹಬಂದಿಗೆ ಬಂತು. ಮೊದಲಿನಿಂದಲೇ ಮೂರಿಟ್ಟಿದ್ದರೆ ಆ ಹತ್ತು ದಿನ ಉಳಿಯುತ್ತಿದ್ದವು.

ಏನಾಯಿತು

ಆರನೇ ವಾರದ ಕೊನೆಗೆ, ಎತ್ತಿಟ್ಟಿದ್ದ ಎರಡು ಹೊಸ ಧ್ವನಿಗಳಲ್ಲಿ, ಉದ್ದ ಮತ್ತು ಜೋರು ಸಮಮಾಡಿದ ಪದಗಳ ಮೇಲೆ 'ಬೂರ್' ಜೋಡಿಯಲ್ಲಿ 40ಕ್ಕೆ 36, 'ವಿಸ್' ಜೋಡಿಯಲ್ಲಿ 31. ಮೂರು ತಿಂಗಳ ನಂತರ, ನಡುವೆ ಯಾವ ತರಬೇತಿಯೂ ಇಲ್ಲದೆ, 36 ಮತ್ತು 29. ಕತ್ತರಿಸಿ ಹಿಗ್ಗಿಸಿದ ಮನ್–ಮಾನ್ ಪದಗಳಲ್ಲಿ ಮಾತ್ರ ಅವರು ಇಂದಿಗೂ ಉದ್ದವನ್ನೇ ನಂಬುತ್ತಾರೆ. ಅದನ್ನು ತಿದ್ದಲು ಹೋಗಲಿಲ್ಲ. ನಿಜ ಮಾತಿನಲ್ಲಿ ಆ ಎರಡೂ ಒಟ್ಟಿಗೇ ಇರುವುದರಿಂದ ತಿದ್ದಿ ಸಿಗುವ ಲಾಭ ಕಡಿಮೆ.

ಅಂತರ ದೊಡ್ಡದಿದ್ದ 'ಬೂರ್' ಬೇಗ ಬಂತು, ಅಂತರ ಸಣ್ಣದಿದ್ದ 'ವಿಸ್' ನಿಧಾನವಾಯಿತು. ಒಮ್ಮೆ ಎರಡನೇ ಚೀಟಿ ಸಿಕ್ಕಿದರೆ 900 ಹರ್ಟ್ಸ್ ತಾನೇ ಕೆಲಸ ಮಾಡುತ್ತದೆ. ವಯಸ್ಕರ ಮೆದುಳಿನಲ್ಲೂ ಇಂಥ ಚೀಟಿ ಹುಟ್ಟಬಲ್ಲದು ಎನ್ನುವುದಕ್ಕೆ ಇಇಜಿಯ ಆಧಾರವೂ ಇದೆ. 1999ರ ಅಧ್ಯಯನವೊಂದರಲ್ಲಿ ಫಿನ್ನಿಶ್ ಚೆನ್ನಾಗಿ ಕಲಿತ ಹಂಗೇರಿಯನ್ನರು ಫಿನ್ನಿಶ್ ಸ್ವರವ್ಯತ್ಯಾಸವೊಂದಕ್ಕೆ ಫಿನ್ನರಂತೆಯೇ ಅಲೆ ತೋರಿದರು, ಫಿನ್ನಿಶ್ ಅರಿಯದ ಹಂಗೇರಿಯನ್ನರು ತೋರಲಿಲ್ಲ. ಮಾಧವರ ವಿಷಯದಲ್ಲಿ ಕಿವಿಯ ತರಬೇತಿ, ಉಚ್ಚಾರ, ಬಣ್ಣದ ಶಾಯಿ ಮೂರೂ ಒಟ್ಟಿಗೆ ನಡೆದದ್ದರಿಂದ ಯಾವುದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಇಂಥದ್ದನ್ನು ಮತ್ತೆ ಮಾಡುವವರು ಶಾಯಿಯನ್ನು ಎರಡು ವಾರ ತಡವಾಗಿ ಕೊಟ್ಟು ನೋಡಬಹುದು.

ಹೊಸದಾಗಿ ಕಂಡ ತೊಡಕು ಫೋನಿನದು. ಎದುರಿಗೆ ನಿಂತು ಮಾತಾಡುವಾಗ ಸರಿ ಹೋಗುವ 'ವಿಸ್' ಜೋಡಿ ಹಳೆಯ ಮಾದರಿಯ ಫೋನ್ ಕರೆಯಲ್ಲಿ ಮತ್ತೆ ಕಲಸುತ್ತದೆ. ಆ ಕರೆಗಳು ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತವೆ. 290 ಮತ್ತು 390ರ ನಡುವಿನ ಮೊದಲ ಫಾರ್ಮೆಂಟ್ ಭೇದ ಆ ಅಂಚಿನಲ್ಲೇ ಬಿದ್ದು ಸೊರಗುತ್ತದೆ. 'ಬೂರ್' ಮತ್ತು 'ಹೂರ್' ಜೋಡಿಗಳ ಭೇದ ಎರಡನೇ ಫಾರ್ಮೆಂಟಿನದು, ಕಿಂಡಿಯ ನಡುವಿನಲ್ಲೇ ಇರುವುದರಿಂದ ಸುರಕ್ಷಿತ. ಬಾಡಿಗೆಯ ವಿಷಯಕ್ಕೆ ಮನೆಯೊಡತಿ ಫೋನ್ ಮಾಡಿದರೆ ಮಾಧವ ಈಗ ಡಚ್ಚಿನಲ್ಲೇ ಉತ್ತರಿಸುತ್ತಾರೆ.

ಉಳಿದಿರುವುದು ಮನೆ ಎನ್ನುವ ಡಚ್ ಪದದ ಸಂಯುಕ್ತ ಸ್ವರ. ನಾಲಿಗೆ ಮುಂದಿಟ್ಟು, ತುಟಿ ಉರುಟು ಮಾಡಿ, ತೆರೆದ ಬಾಯನ್ನು ಮುಚ್ಚುತ್ತ ಹೇಳಬೇಕಾದದ್ದು. ಮಾಧವರ ನೋಟ್‌ಬುಕ್ಕಿನಲ್ಲಿ ಅದು ಒಂದು ಪುಟದಲ್ಲಿ 'ಹೌಸ್', ಇನ್ನೊಂದರಲ್ಲಿ 'ಹೈಸ್', ಮತ್ತೊಂದರಲ್ಲಿ 'ಹಾಯ್ಸ್'. ಅದಕ್ಕೆ ಇನ್ನೂ ಶಾಯಿಯ ಬಣ್ಣ ಆರಿಸಿಲ್ಲ.